ಈ ನ್ಯೂಕ್ಲಿಯಸ್ ಸ್ಥಿರವೋ ಅಲ್ಲವೋ? ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಹಂತ ಹಂತದ ದಾರಿ

ಕಲಬುರಗಿಯಲ್ಲಿ ಬಿ.ಎಸ್ಸಿ. ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವ ನನಗೆ ಪ್ರತಿ ವರ್ಷ ಅದೇ ಪ್ರಶ್ನೆ ಬರುತ್ತದೆ. ನ್ಯೂಕ್ಲಿಯರ್ ಕೆಮಿಸ್ಟ್ರಿ ಶುರುವಾಗಿ ಎರಡು ದಿನ ಆಗಿರುತ್ತೆ. ಸೇಡಂನಿಂದಲೋ ಜೇವರ್ಗಿಯಿಂದಲೋ ಬಸ್ಸಿಗೆ ಬರುವ ಯಾರಾದರೊಬ್ಬರು ನೋಟ್‌ಬುಕ್ ಹಿಡಿದು ನಿಲ್ಲುತ್ತಾರೆ: "ಸರ್, ಇದು ಸ್ಟೇಬಲ್ ಅದನೋ ಇಲ್ಲೋ ಅಂತ ನೋಡಿದ ಕೂಡ್ಲೆ ಹೆಂಗ ಹೇಳ್ಬೇಕ್ರಿ?"

ಬಹಳ ಜನ ಇದಕ್ಕೆ ಪಟ್ಟಿ ಬಾಯಿಪಾಠ ಮಾಡುತ್ತಾರೆ. ಪಟ್ಟಿಯಲ್ಲಿ ಇಲ್ಲದ ಐಸೋಟೋಪ್ ಪರೀಕ್ಷೆಯಲ್ಲಿ ಬಂದರೆ ಪೆನ್ನು ಅಲ್ಲೇ ನಿಂತುಬಿಡುತ್ತೆ. ಬಾಯಿಪಾಠದ ಅಗತ್ಯ ಇಲ್ಲ. ಎರಡು ಸಂಖ್ಯೆಗಳನ್ನು ಸರಿಯಾಗಿ ಎಣಿಸಿ, ಆಮೇಲೆ ಕೆಲವು ಪ್ರಶ್ನೆಗಳನ್ನು ಒಂದು ಕ್ರಮದಲ್ಲಿ ಕೇಳಿಕೊಳ್ಳಿ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಇವು ಹತ್ತಿರ ಇರಲಿ

ಒಂದು ಆವರ್ತಕ ಕೋಷ್ಟಕ. ಲಾಗ್ ಗುಂಡಿ ಇರುವ ಕ್ಯಾಲ್ಕುಲೇಟರ್. ಪಠ್ಯಪುಸ್ತಕದ ಕೊನೆಯಲ್ಲಿರುವ ಐಸೋಟೋಪ್ ರಾಶಿಗಳ ಪಟ್ಟಿ, ಅದರಲ್ಲಿ ದಶಮಾಂಶದ ನಂತರ ಆರು ಅಂಕಿ ಇರಬೇಕು. ಇಷ್ಟು ಸಾಕು.

ನಾಲ್ಕು ಪದಗಳನ್ನೂ ಗಟ್ಟಿ ಮಾಡಿಕೊಳ್ಳಿ. ಪರಮಾಣು ಸಂಖ್ಯೆ ಅಂದರೆ ಪ್ರೋಟಾನ್‌ಗಳ ಲೆಕ್ಕ. ರಾಶಿ ಸಂಖ್ಯೆ ಅಂದರೆ ಪ್ರೋಟಾನ್ ಮತ್ತು ನ್ಯೂಟ್ರಾನ್ ಕೂಡಿಸಿದ ಲೆಕ್ಕ, ಸೋಡಿಯಂ-23 ಅಂದಾಗ ಆ 23. ಈ ಎರಡೂ ಬಗೆಯ ಕಣಗಳಿಗೆ ಸೇರಿಸಿ ನ್ಯೂಕ್ಲಿಯಾನ್ ಅನ್ನುತ್ತಾರೆ. ಪ್ರೋಟಾನ್ ಸಂಖ್ಯೆ ಒಂದೇ ಇದ್ದು ನ್ಯೂಟ್ರಾನ್ ಸಂಖ್ಯೆ ಬೇರೆ ಇರುವ ಅಣ್ಣತಮ್ಮಂದಿರೇ ಐಸೋಟೋಪ್‌ಗಳು.

ಇಲ್ಲೇ ಒಂದು ಎಚ್ಚರಿಕೆ. ರಾಸಾಯನಿಕ ಸ್ಥಿರತೆಯೇ ಬೇರೆ, ನ್ಯೂಕ್ಲಿಯಸ್‌ನ ಸ್ಥಿರತೆಯೇ ಬೇರೆ. ಸೋಡಿಯಂ ನೀರಿಗೆ ಬಿದ್ದರೆ ಹೊತ್ತಿ ಉರಿಯುತ್ತೆ, ಆದರೆ ಸೋಡಿಯಂ-23ರ ನ್ಯೂಕ್ಲಿಯಸ್ ಪೂರ್ತಿ ಸ್ಥಿರ. ರೇಡಾನ್ ಜಡ ಅನಿಲ, ಯಾರ ತಂಟೆಗೂ ಹೋಗುವುದಿಲ್ಲ. ಆದರೂ ರೇಡಾನ್-222 ನಾಲ್ಕು ದಿನದೊಳಗೆ ಅರ್ಧಕ್ಕೆ ಇಳಿಯುತ್ತದೆ. ಎಲೆಕ್ಟ್ರಾನ್ ಜೋಡಣೆ ನೋಡಿ ನ್ಯೂಕ್ಲಿಯಸ್ ಬಗ್ಗೆ ತೀರ್ಪು ಕೊಡಬೇಡಿ.

ಹಂತ 1: ಪ್ರೋಟಾನ್, ನ್ಯೂಟ್ರಾನ್ ಎಣಿಸಿ

ರಾಶಿ ಸಂಖ್ಯೆಯಿಂದ ಪರಮಾಣು ಸಂಖ್ಯೆ ಕಳೆದರೆ ನ್ಯೂಟ್ರಾನ್ ಸಿಗುತ್ತದೆ. ಮೂರನೇ ಕ್ಲಾಸಿನ ಲೆಕ್ಕ. ಆದರೂ ಅರ್ಧ ತಪ್ಪುಗಳು ಇಲ್ಲೇ ಹುಟ್ಟುತ್ತವೆ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಬೀದರಿನ ಬಿದ್ರಿ ಹೂಜಿ ನೋಡಿದ್ದೀರಲ್ವಾ? ಅದರ ಮೈ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಮೇಲಿನ ಹೂಬಳ್ಳಿ ಬೆಳ್ಳಿಯ ತಂತಿಯದು. ಕೋಟೆಯ ಮಣ್ಣು ಸೇರಿಸಿದ ದ್ರಾವಣ ತಾಗಿಸಿದಾಗ ಲೋಹದ ಮೈ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗೇ ಉಳಿಯುತ್ತದೆ. ಈಗ ಆವರ್ತಕ ಕೋಷ್ಟಕ ತೆಗೆಯಿರಿ. ಸತುವಿನ ಮನೆಯಲ್ಲಿ 65.38, ತಾಮ್ರದಲ್ಲಿ 63.55, ಬೆಳ್ಳಿಯಲ್ಲಿ 107.87 ಎಂದಿದೆ. ಬಹಳ ಮಕ್ಕಳು ಇದನ್ನೇ ಹತ್ತಿರದ ಪೂರ್ಣಾಂಕಕ್ಕೆ ತಂದು ರಾಶಿ ಸಂಖ್ಯೆ ಅಂತ ಬರೆಯುತ್ತಾರೆ. ಹಾಗೆ ಮಾಡಿದರೆ ಸಿಗುವುದು ಸತು-65, ತಾಮ್ರ-64, ಬೆಳ್ಳಿ-108.

ಮೂರೂ ವಿಕಿರಣಶೀಲ, ಅಂದರೆ ವಿಕಿರಣ ಬಿಟ್ಟು ತಾವಾಗಿಯೇ ಬದಲಾಗುವಂಥವು! ಸತು-65ರ ಅರ್ಧಾಯು (ಇರುವುದರಲ್ಲಿ ಅರ್ಧ ಬದಲಾಗಲು ಬೇಕಾದ ಸಮಯ) 244 ದಿನ, ತಾಮ್ರ-64ರದು 12.7 ಗಂಟೆ, ಬೆಳ್ಳಿ-108ರದು ಬರೀ 2.4 ನಿಮಿಷ. ಇದು ನಿಜವಾಗಿದ್ದರೆ ತಂತಿ ಕೂರಿಸಿ ಮುಗಿಸುವ ಮುಂಚೆಯೇ ಬೆಳ್ಳಿ ಬೇರೆ ಲೋಹ ಆಗಿರಬೇಕಿತ್ತು. ಬಿದ್ರಿ ಪಾತ್ರೆಗಳು ಶತಮಾನಗಟ್ಟಲೆ ಉಳಿದಿವೆ. ಯಾಕೆಂದರೆ ಕೋಷ್ಟಕದಲ್ಲಿರುವ ಆ ಸಂಖ್ಯೆ ಸರಾಸರಿ ಮಾತ್ರ. ನಿಸರ್ಗದ ತಾಮ್ರದಲ್ಲಿ ಇರುವುದು 63 ಮತ್ತು 65, ನಡುವಿನ 64 ಅಲ್ಲಿಲ್ಲ. ಬೆಳ್ಳಿಯಲ್ಲಿ 107 ಮತ್ತು 109. ಸತುವಿನಲ್ಲಿ 64, 66, 67, 68, 70.

ನೆನಪಿಡಿ: ರಾಶಿ ಸಂಖ್ಯೆಯನ್ನು ಪ್ರಶ್ನೆಯಿಂದ ತೆಗೆದುಕೊಳ್ಳಿ, ಕೋಷ್ಟಕದ ಸರಾಸರಿಯಿಂದ ಬೇಡ.

ಹಂತ 2: ಅನುಪಾತ ತೆಗೆಯಿರಿ

ನ್ಯೂಟ್ರಾನ್ ಸಂಖ್ಯೆಯನ್ನು ಪ್ರೋಟಾನ್ ಸಂಖ್ಯೆಯಿಂದ ಭಾಗಿಸಿ. ಕ್ಯಾಲ್ಸಿಯಂ-40ರಲ್ಲಿ 20ಕ್ಕೆ 20, ಅಂದರೆ 1. ತಾಮ್ರ-63ರಲ್ಲಿ 34ಕ್ಕೆ 29, ಸುಮಾರು 1.17. ಬೆಳ್ಳಿ-107ರಲ್ಲಿ 1.28. ಸೀಸ-206ರಲ್ಲಿ 124ಕ್ಕೆ 82, ಸುಮಾರು 1.51. ರಾಶಿ ಸಂಖ್ಯೆಯನ್ನೇ ಪ್ರೋಟಾನ್‌ನಿಂದ ಭಾಗಿಸಿ 2ರ ಮೇಲೆ ಉತ್ತರ ತರುವವರೂ ಇದ್ದಾರೆ. ನಿಮ್ಮ ಅನುಪಾತ 1.6 ದಾಟಿದರೆ ಮೊದಲು ನಿಮ್ಮ ಭಾಗಾಕಾರವನ್ನೇ ಇನ್ನೊಮ್ಮೆ ನೋಡಿ.

ಪರಮಾಣು ದೊಡ್ಡದಾದಂತೆ ಅನುಪಾತ ಯಾಕೆ ಏರುತ್ತೆ? ಇದು ಅರ್ಥವಾದರೆ ಪಾಠದ ಅರ್ಧ ಭಾರ ಇಳಿದಂತೆ. ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಕೈ ಹಿಡಿಯಬಹುದಾದದ್ದು ಪಕ್ಕದವರನ್ನು ಮಾತ್ರ. ಆದರೆ ಕೂಗಿದರೆ ಇಡೀ ಗುಂಪಿಗೆ ಕೇಳುತ್ತದೆ. ನ್ಯೂಕ್ಲಿಯಸ್‌ನಲ್ಲೂ ಹಾಗೆ ಎರಡು ಬಲಗಳಿವೆ. ಕಣಗಳನ್ನು ಹಿಡಿದಿಡುವ ಪ್ರಬಲ ನ್ಯೂಕ್ಲಿಯರ್ ಬಲ ಒಂದೆರಡು ಫೆಮ್ಟೋಮೀಟರ್ ದೂರಕ್ಕೆ ಮಾತ್ರ ಮುಟ್ಟುತ್ತದೆ. ಒಂದು ಫೆಮ್ಟೋಮೀಟರ್ ಅಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಪ್ರೋಟಾನ್‌ಗಳು ಒಂದನ್ನೊಂದು ದೂಡುವ ವಿದ್ಯುತ್ ಬಲ ಮಾತ್ರ ಈ ತುದಿಯಿಂದ ಆ ತುದಿಯವರೆಗೂ ಮುಟ್ಟುತ್ತದೆ. ಪ್ರೋಟಾನ್ ಜಾಸ್ತಿ ಆದಷ್ಟೂ ದೂಡಾಟ ಬೇಗ ಬೇಗ ಬೆಳೆಯುತ್ತದೆ, ಹಿಡಿತ ಅಷ್ಟು ಬೇಗ ಬೆಳೆಯುವುದಿಲ್ಲ. ನ್ಯೂಟ್ರಾನ್ ಯಾರನ್ನೂ ದೂಡುವುದಿಲ್ಲ, ಕೈ ಮಾತ್ರ ಹಿಡಿಯುತ್ತದೆ. ಅದಕ್ಕೇ ದೊಡ್ಡ ನ್ಯೂಕ್ಲಿಯಸ್‌ಗೆ ಹೆಚ್ಚುವರಿ ನ್ಯೂಟ್ರಾನ್ ಬೇಕು.

ಹಾಗಂತ ನ್ಯೂಟ್ರಾನ್ ತುಂಬಿಸುತ್ತಾ ಹೋದರೆ ಸ್ಥಿರತೆ ಏರುತ್ತಲೇ ಹೋಗುವುದಿಲ್ಲ. ಅತಿಯಾದರೆ ನ್ಯೂಟ್ರಾನೇ ಪ್ರೋಟಾನ್ ಆಗಿ ಬದಲಾಗಲು ನೋಡುತ್ತದೆ. ಆದ್ದರಿಂದ ನಿಮ್ಮ ಅನುಪಾತವನ್ನು ಅದೇ ಧಾತುವಿನ ಸ್ಥಿರ ಐಸೋಟೋಪ್‌ಗಳ ಅನುಪಾತದ ಪಕ್ಕ ಇಟ್ಟು ನೋಡಿ. ಸುಮ್ನೆ "1 ಬಂದರೆ ಸ್ಥಿರ" ಅನ್ನುವ ಸೂತ್ರ ನಂಬಬೇಡಿ. ಪೆಟ್ ಸ್ಕ್ಯಾನ್‌ಗೆ ಬಳಸುವ ಫ್ಲೋರಿನ್-18ರಲ್ಲಿ 9 ಪ್ರೋಟಾನ್, 9 ನ್ಯೂಟ್ರಾನ್. ಅನುಪಾತ ಸರಿಯಾಗಿ 1. ಆದರೂ 110 ನಿಮಿಷಕ್ಕೆ ಅರ್ಧ ಖಾಲಿ. ಸ್ಥಿರವಾದದ್ದು ಫ್ಲೋರಿನ್-19.

ಹಂತ 3: ಸಮವೋ ಬೆಸವೋ?

ಪ್ರೋಟಾನ್‌ಗಳು ತಮ್ಮತಮ್ಮಲ್ಲೇ ಜೋಡಿಯಾಗಲು ಬಯಸುತ್ತವೆ, ನ್ಯೂಟ್ರಾನ್‌ಗಳೂ ಹಾಗೇ. ಸಮ ಸಂಖ್ಯೆ ಇದ್ದರೆ ಎಲ್ಲರಿಗೂ ಜೋಡಿ ಸಿಗುತ್ತೆ. ಸ್ಥಿರ ಅನ್ನಿಸಿಕೊಂಡ ಸುಮಾರು 250 ನ್ಯೂಕ್ಲಿಯಸ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎರಡೂ ಸಮ ಇರುವಂಥವು. ಎರಡೂ ಬೆಸ ಇದ್ದು ಸ್ಥಿರ ಇರುವ ಹಗುರ ನ್ಯೂಕ್ಲಿಯಸ್‌ಗಳು ನಾಲ್ಕೇ: ಹೈಡ್ರೋಜನ್-2, ಲಿಥಿಯಂ-6, ಬೋರಾನ್-10, ನೈಟ್ರೋಜನ್-14. ಈ ನಾಲ್ಕನ್ನು ಮಾತ್ರ ಬಾಯಿಪಾಠ ಮಾಡಿ.

ಈಗ ಬಿದ್ರಿ ಹೂಜಿಗೆ ವಾಪಸ್ ಬನ್ನಿ. ತಾಮ್ರ-64ರಲ್ಲಿ 29 ಪ್ರೋಟಾನ್, 35 ನ್ಯೂಟ್ರಾನ್. ಎರಡೂ ಬೆಸ. ಬೆಳ್ಳಿ-108ರಲ್ಲಿ 47 ಮತ್ತು 61. ಅದೂ ಎರಡೂ ಬೆಸ. ಇವು ಯಾಕೆ ಉಳಿಯಲಿಲ್ಲ ಅನ್ನುವುದು ಇಲ್ಲೇ ಗೊತ್ತಾಯಿತು. ತಾಮ್ರ, ಬೆಳ್ಳಿಯಂಥ ಬೆಸ ಪ್ರೋಟಾನ್ ಧಾತುಗಳಿಗೆ ಸ್ಥಿರ ಐಸೋಟೋಪ್ ಎರಡಕ್ಕಿಂತ ಜಾಸ್ತಿ ಇರುವುದೇ ಇಲ್ಲ. 30 ಪ್ರೋಟಾನ್ ಇರುವ ಸತುವಿಗೆ ಐದು ಸಿಕ್ಕಿವೆ, ಅವುಗಳಲ್ಲಿ ನಾಲ್ಕರಲ್ಲಿ ನ್ಯೂಟ್ರಾನ್ ಕೂಡ ಸಮ.

ಸತು-65 ಮಾತ್ರ ಸ್ವಲ್ಪ ತೊಡಕು. 35 ನ್ಯೂಟ್ರಾನ್ ಇರುವ ಅದು ಸ್ಥಿರ ಅಲ್ಲ, 37 ಇರುವ ಸತು-67 ಸ್ಥಿರ. ಎರಡರಲ್ಲೂ ನ್ಯೂಟ್ರಾನ್ ಬೆಸವೇ ಅಲ್ವಾ? ಇಲ್ಲಿ ಇನ್ನೊಂದು ನಿಯಮ ನೆರವಿಗೆ ಬರುತ್ತದೆ. ರಾಶಿ ಸಂಖ್ಯೆ ಒಂದೇ ಇರುವ ಅಕ್ಕಪಕ್ಕದ ಎರಡು ಧಾತುಗಳು ಎರಡೂ ಸ್ಥಿರ ಇರುವುದು ತೀರಾ ಅಪರೂಪ. 65ರ ಜಾಗವನ್ನು ಪಕ್ಕದ ತಾಮ್ರ-65 ಆಗಲೇ ಹಿಡಿದಿದೆ. ಹಾಗಾಗಿ ಸತು-65 ತಾಮ್ರ-65 ಆಗಿ ಬದಲಾಗುತ್ತದೆ. ರಾಶಿ ಸಂಖ್ಯೆ ಬೆಸ ಇದ್ದಾಗ ಈ ಪ್ರಶ್ನೆ ಕೇಳಲು ಮರೆಯಬೇಡಿ: "ಪಕ್ಕದ ಮನೆಯಲ್ಲಿ ಇದೇ ಸಂಖ್ಯೆಯ ಸ್ಥಿರ ನ್ಯೂಕ್ಲಿಯಸ್ ಇದೆಯಾ?"

ನಮ್ಮ ಭಾಗದ ತೊಗರಿಬೇಳೆಯಲ್ಲಿ ಪೊಟ್ಯಾಸಿಯಂ ಸಾಕಷ್ಟಿದೆ. ಪೊಟ್ಯಾಸಿಯಂ ಎಲ್ಲೇ ಇರಲಿ, ಅದರ ಹತ್ತು ಸಾವಿರ ಪರಮಾಣುಗಳಲ್ಲಿ ಒಂದು ಪೊಟ್ಯಾಸಿಯಂ-40 ಆಗಿರುತ್ತದೆ. 19 ಮತ್ತು 21, ಎರಡೂ ಬೆಸ. ವಿಕಿರಣಶೀಲ ಹೌದು, ಆದರೆ ಅರ್ಧಾಯು ಸುಮಾರು 125 ಕೋಟಿ ವರ್ಷ. ನಮ್ಮ ಮೈಯಲ್ಲೂ ಅದು ಯಾವಾಗಲೂ ಇದ್ದೇ ಇರುತ್ತದೆ. ಊಟ ಬಿಡುವ ವಿಷಯ ಇದಲ್ಲ.

ಹಂತ 4: ಮ್ಯಾಜಿಕ್ ಸಂಖ್ಯೆ ಇದೆಯೇ ನೋಡಿ

2, 8, 20, 28, 50, 82, 126. ಪ್ರೋಟಾನ್ ಅಥವಾ ನ್ಯೂಟ್ರಾನ್ ಇಷ್ಟಿದ್ದರೆ ನ್ಯೂಕ್ಲಿಯಸ್ ಒಳಗಿನ ಕವಚ ತುಂಬಿದೆ ಅಂತ ಅರ್ಥ. ಇದನ್ನು ವಿವರಿಸಿದ್ದಕ್ಕೆ ಮರಿಯಾ ಗೆಪರ್ಟ್ ಮೇಯರ್ ಮತ್ತು ಹಾನ್ಸ್ ಯೆನ್ಸನ್ ಅವರಿಗೆ 1963ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. 50 ಪ್ರೋಟಾನ್ ಇರುವ ತವರಕ್ಕೆ 10 ಸ್ಥಿರ ಐಸೋಟೋಪ್‌ಗಳಿವೆ, ಬೇರೆ ಯಾವ ಧಾತುವಿಗೂ ಇಷ್ಟಿಲ್ಲ. ಸೀಸ-208ರಲ್ಲಿ 82 ಮತ್ತು 126, ಎರಡೂ ಮ್ಯಾಜಿಕ್. ಜಡ ಅನಿಲಗಳ 2, 10, 18, 36 ಇಲ್ಲಿ ಬರೆಯಬೇಡಿ. ಅದು ಎಲೆಕ್ಟ್ರಾನ್ ಕವಚದ ಲೆಕ್ಕ.

ಹಂತ 5: ಸ್ಥಿರ ಅಲ್ಲದಿದ್ದರೆ ಯಾವ ದಾರಿ ಹಿಡಿಯುತ್ತದೆ?

ನ್ಯೂಟ್ರಾನ್ ಜಾಸ್ತಿ ಇದ್ದರೆ ಬೀಟಾ ಮೈನಸ್. ಒಂದು ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ, ಒಂದು ಎಲೆಕ್ಟ್ರಾನ್ ಹೊರಬೀಳುತ್ತದೆ. ಜೊತೆಗೆ ಆಂಟಿನ್ಯೂಟ್ರಿನೊ ಅನ್ನುವ, ವಿದ್ಯುದಂಶ ಇಲ್ಲದ ಪುಟ್ಟ ಕಣವೂ ಹೋಗುತ್ತದೆ.

ಕಾರ್ಬನ್-14 → ನೈಟ್ರೋಜನ್-14 + ಎಲೆಕ್ಟ್ರಾನ್ + ಆಂಟಿನ್ಯೂಟ್ರಿನೊ

ಎಲೆಕ್ಟ್ರಾನ್ ಹೋಯಿತು ಅಂತ ಪರಮಾಣು ಸಂಖ್ಯೆಯಲ್ಲಿ ಒಂದು ಕಳೆಯುವ ತಪ್ಪು ತುಂಬಾ ಸಾಮಾನ್ಯ. ಕಳೆಯಬಾರದು, ಒಂದು ಕೂಡಿಸಬೇಕು. ಪ್ರೋಟಾನ್ ಒಂದು ಹೆಚ್ಚಾಗಿದೆ ಅಲ್ವಾ? ಇನ್ನೊಂದು ಸೂಕ್ಷ್ಮವನ್ನೂ ಇಲ್ಲಿ ಗಮನಿಸಿ. ಕಾರ್ಬನ್-14ರಲ್ಲಿ 6 ಮತ್ತು 8, ಎರಡೂ ಸಮ. ನೈಟ್ರೋಜನ್-14ರಲ್ಲಿ ಎರಡೂ ಬೆಸ. ಸಮದ್ದು ಹೋಗಿ ಬೆಸದ್ದು ಉಳಿಯಿತು! ಹಗುರ ಧಾತುಗಳಲ್ಲಿ ಅನುಪಾತದ ಮಾತೇ ಮೊದಲು ನಡೆಯುತ್ತದೆ. ಅದಕ್ಕೇ ಅನುಪಾತವನ್ನು ಹಂತ 2ರಲ್ಲಿ ಇಟ್ಟೆ, ಸಮ-ಬೆಸವನ್ನು ಆಮೇಲೆ.

ಪ್ರೋಟಾನ್ ಜಾಸ್ತಿ ಇದ್ದರೆ ಎರಡು ದಾರಿ. ಒಂದು, ಪ್ರೋಟಾನ್ ನ್ಯೂಟ್ರಾನ್ ಆಗಿ ಪಾಸಿಟ್ರಾನ್ ಹೊರಹಾಕುವುದು. ಪಾಸಿಟ್ರಾನ್ ಅಂದರೆ ಧನ ವಿದ್ಯುದಂಶದ ಎಲೆಕ್ಟ್ರಾನ್. ಫ್ಲೋರಿನ್-18 ಹೀಗೆ ಆಕ್ಸಿಜನ್-18 ಆಗುತ್ತದೆ. ಇನ್ನೊಂದು, ಒಳಕವಚದ ಎಲೆಕ್ಟ್ರಾನನ್ನು ನ್ಯೂಕ್ಲಿಯಸ್ಸೇ ನುಂಗುವುದು. ಎರಡರಲ್ಲೂ ಪರಮಾಣು ಸಂಖ್ಯೆ ಒಂದು ಕಡಿಮೆಯಾಗುತ್ತದೆ, ರಾಶಿ ಸಂಖ್ಯೆ ಹಾಗೇ ಇರುತ್ತದೆ. ತಾಮ್ರ-64 ಎರಡೂ ಕಡೆಗೆ ಹೋಗುತ್ತದೆ: ಕೆಲವು ಹೀಗೆ ನಿಕಲ್-64 ಆಗುತ್ತವೆ, ಕೆಲವು ಬೀಟಾ ಮೈನಸ್‌ನಿಂದ ಸತು-64.

ಸೀಸಕ್ಕಿಂತ ಭಾರವಾಗಿದ್ದರೆ ಆಲ್ಫಾ ಸಾಧ್ಯತೆಯನ್ನು ಮೊದಲು ಯೋಚಿಸಿ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಒಟ್ಟಿಗೆ ಹೊರಟುಹೋಗುತ್ತವೆ. ಪ್ರೋಟಾನ್ 82 ದಾಟಿದ ಮೇಲೆ ಪೂರ್ತಿ ಸ್ಥಿರವಾದದ್ದು ಒಂದೂ ಇಲ್ಲ. ಬಿಸ್ಮತ್-209 ಸ್ಥಿರ ಅಂತ ಹಳೆಯ ಪುಸ್ತಕಗಳಲ್ಲಿ ಇರುತ್ತದೆ. ಅದೂ ಬಹಳ ನಿಧಾನವಾಗಿ ಆಲ್ಫಾ ಬಿಡುತ್ತದೆ ಅಂತ 2003ರಲ್ಲಿ ಗೊತ್ತಾಯಿತು.

ಗಾಮಾ ಬೇರೆ ಜಾತಿ. ಅದರಲ್ಲಿ ಯಾವ ಸಂಖ್ಯೆಯೂ ಬದಲಾಗುವುದಿಲ್ಲ, ಹೆಚ್ಚುವರಿ ಶಕ್ತಿ ಮಾತ್ರ ಹೊರಹೋಗುತ್ತದೆ.

ಹಂತ 6: ಬಂಧಕ ಶಕ್ತಿ ಲೆಕ್ಕ ಹಾಕಿ

ಮೊದಲು ಪದದ ಅರ್ಥ ಸರಿಮಾಡಿಕೊಳ್ಳೋಣ. ಬಂಧಕ ಶಕ್ತಿ ಅಂದಾಗ ನ್ಯೂಕ್ಲಿಯಸ್ ಒಳಗೆ ಗಂಟು ಕಟ್ಟಿಟ್ಟ ಶಕ್ತಿ ಅನ್ನಿಸುತ್ತದೆ. ಅದು ಬಿಡಿ ಕಣಗಳು ಒಂದಾಗುವಾಗ ಹೊರಗೆ ಹೋದ ಶಕ್ತಿ. ಮತ್ತೆ ಬಿಡಿಸಬೇಕಾದರೆ ಅಷ್ಟನ್ನೂ ವಾಪಸ್ ಕೊಡಬೇಕು. ಅದು ಹೋದದ್ದರಿಂದಲೇ ಒಟ್ಟಾದ ನ್ಯೂಕ್ಲಿಯಸ್ ತನ್ನ ಬಿಡಿ ಕಣಗಳಿಗಿಂತ ಹಗುರ ಇರುತ್ತದೆ. ಈ ಕೊರತೆಗೆ ರಾಶಿ ನ್ಯೂನತೆ ಅನ್ನುತ್ತಾರೆ.

ಹೀಲಿಯಂ-4 ತೆಗೆದುಕೊಳ್ಳಿ. ಪಟ್ಟಿಯಲ್ಲಿರುವುದು ಎಲೆಕ್ಟ್ರಾನ್ ಸಹಿತ ಪರಮಾಣುವಿನ ರಾಶಿ. ಆದ್ದರಿಂದ ಪ್ರೋಟಾನ್ ಜಾಗದಲ್ಲಿ ಹೈಡ್ರೋಜನ್ ಪರಮಾಣುವಿನ ರಾಶಿ ಹಾಕಿ. ಏಕಮಾನ ಯು, ಅಂದರೆ ಪರಮಾಣು ರಾಶಿ ಏಕಮಾನ.

2 ಹೈಡ್ರೋಜನ್: 2 × 1.007825 = 2.015650
2 ನ್ಯೂಟ್ರಾನ್: 2 × 1.008665 = 2.017330
ಒಟ್ಟು: 4.032980
ಹೀಲಿಯಂ-4 ಪರಮಾಣು: 4.002603
ಕೊರತೆ: 0.030377 ಯು

1 ಯು ಅಂದರೆ 931.5 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಚಿಕ್ಕದಾಗಿ ಎಂಇವಿ. ಗುಣಿಸಿದರೆ ಸುಮಾರು 28.3 ಎಂಇವಿ. ನಾಲ್ಕು ನ್ಯೂಕ್ಲಿಯಾನ್‌ಗೆ ಹಂಚಿದರೆ ತಲಾ 7.07.

ಹೈಡ್ರೋಜನ್ ಬದಲು ಬರೀ ಪ್ರೋಟಾನ್‌ನ 1.007276 ಹಾಕಿದರೆ 27.3 ಬರುತ್ತದೆ. ಎರಡು ಎಲೆಕ್ಟ್ರಾನ್ ಲೆಕ್ಕದಿಂದ ಬಿಟ್ಟುಹೋಗಿ 1 ಎಂಇವಿ ಕಳೆಯಿತು. ಕಬ್ಬಿಣದಲ್ಲಿ 26 ಎಲೆಕ್ಟ್ರಾನ್, ಅಲ್ಲಿ ಸುಮಾರು 13 ಎಂಇವಿ ಹೋಗುತ್ತದೆ. ಇನ್ನೊಂದು ತಪ್ಪು ಬೇಗ ರೌಂಡ್ ಮಾಡುವುದು. ಕೊರತೆ ಇರುವುದೇ ದಶಮಾಂಶದ ಎರಡನೇ ಅಂಕಿಯಲ್ಲಿ. 1.01, 4.00 ಅಂತ ಬರೆದುಕೊಂಡು ಶುರು ಮಾಡಿದರೆ ಉತ್ತರ ಎಲ್ಲಿಂದ ಬರಬೇಕು? ಆರೂ ಅಂಕಿ ಕೊನೆಯವರೆಗೆ ಇಟ್ಟುಕೊಳ್ಳಿ.

ಹೋಲಿಸುವಾಗ ಯಾವಾಗಲೂ ತಲಾ ಶಕ್ತಿ ನೋಡಿ. ಕಬ್ಬಿಣ-56ರ ಒಟ್ಟು ಶಕ್ತಿ ಸುಮಾರು 492 ಎಂಇವಿ, ಯುರೇನಿಯಂ-238ರದು ಸುಮಾರು 1,800. ಆದರೆ ತಲಾ ಲೆಕ್ಕದಲ್ಲಿ ಕಬ್ಬಿಣ 8.79, ಯುರೇನಿಯಂ 7.57. ಎಲ್ಲಕ್ಕಿಂತ ಮೇಲಿರುವುದು ಕಬ್ಬಿಣ-56 ಅಂತ ಅನೇಕ ಪುಸ್ತಕಗಳಲ್ಲಿದೆ. ಕೂದಲೆಳೆಯ ಅಂತರದಲ್ಲಿ ನಿಕಲ್-62 ಮುಂದಿದೆ. "ಕಬ್ಬಿಣ-ನಿಕಲ್ ಆಸುಪಾಸು" ಅಂತ ಬರೆಯಿರಿ, ಅದು ಯಾವಾಗಲೂ ಸರಿ.

ಹಂತ 7: ಅರ್ಧಾಯು ಲೆಕ್ಕ

ಇರುವುದರಲ್ಲಿ ಅರ್ಧ ಬದಲಾಗಲು ಬೇಕಾದ ಸಮಯವೇ ಅರ್ಧಾಯು. ಎರಡು ಅರ್ಧಾಯು ಕಳೆದರೆ ಪೂರ್ತಿ ಮುಗಿಯಿತು ಅಂದುಕೊಳ್ಳಬೇಡಿ, ಕಾಲು ಭಾಗ ಉಳಿದಿರುತ್ತದೆ. ಅರ್ಧಾಯು ಉದ್ದ ಇದ್ದಷ್ಟೂ ವಿಕಿರಣ ಜೋರು ಅನ್ನುವುದೂ ತಪ್ಪು. ಅಷ್ಟೇ ಪರಮಾಣುಗಳಿದ್ದರೆ, ಅರ್ಧಾಯು ಉದ್ದ ಇದ್ದಷ್ಟೂ ಕ್ಷಣಕ್ಕೆ ಒಡೆಯುವ ಪರಮಾಣು ಕಡಿಮೆ.

ಉದಾಹರಣೆಗೆ ಸನ್ನತಿಗೆ ಹೋಗೋಣ. ಅಲ್ಲಿ ಸಿಕ್ಕ ಅಶೋಕನ ಶಾಸನ ಕ್ರಿಸ್ತಪೂರ್ವ 3ನೇ ಶತಮಾನದ್ದು. ಅದೇ ಕಾಲದ ಒಂದು ಇದ್ದಿಲ ತುಂಡು ನಿಮ್ಮ ಕೈಗೆ ಬಂದಿದೆ, ಅದರಲ್ಲಿ ಮೂಲ ಕಾರ್ಬನ್-14ರ ಶೇ. 76 ಉಳಿದಿದೆ ಅಂತ ಇಟ್ಟುಕೊಳ್ಳಿ. ಅರ್ಧಾಯು 5730 ವರ್ಷ.

ವಯಸ್ಸು = (5730 ÷ 0.693) × 2.303 × ಲಾಗ್(100 ÷ 76)

ಉತ್ತರ ಸುಮಾರು 2,270 ವರ್ಷ. ಅಶೋಕನ ಕಾಲಕ್ಕೆ ಹೊಂದುತ್ತದೆ. ಈಗ 2.303 ಹಾಕುವುದನ್ನು ಮರೆತು ನೋಡಿ. 985 ವರ್ಷ ಬರುತ್ತದೆ, ಅಂದರೆ ಕ್ರಿ.ಶ. 11ನೇ ಶತಮಾನ. ಅಶೋಕನ ಇದ್ದಿಲು ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದು ನಿಂತಿತು. ಕ್ಯಾಲ್ಕುಲೇಟರಿನ ಲಾಗ್ ಗುಂಡಿ 10ರ ಆಧಾರದ್ದು, 2.303 ಬೇಕಾಗುವುದು ಅದಕ್ಕೇ. ನ್ಯಾಚುರಲ್ ಲಾಗ್ ಗುಂಡಿ ಒತ್ತಿದರೆ 2.303 ಬೇಡ.

ಶಾಸನದ ಕಲ್ಲಿಗೆ ಈ ವಿಧಾನ ನಡೆಯುವುದಿಲ್ಲ. ಕಾರ್ಬನ್-14 ಒಂದು ಕಾಲಕ್ಕೆ ಜೀವ ಇದ್ದ ವಸ್ತುಗಳಿಗೆ ಮಾತ್ರ: ಇದ್ದಿಲು, ಮೂಳೆ, ಬೀಜ. ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನಲ್ಲೂ ಕಾರ್ಬನ್ ಇದೆ, ಅದು ಸುಣ್ಣದ ಕಲ್ಲು. ಆದರೆ ಕೋಟಿಗಟ್ಟಲೆ ವರ್ಷ ಹಳೆಯದು. ಹತ್ತು ಅರ್ಧಾಯು, ಅಂದರೆ 57,300 ವರ್ಷ ಕಳೆದರೆ ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಅಳೆಯಲು ಏನೂ ಸಿಗದು.

ಹಂತ 8: ಸರಣಿಯ ಲೆಕ್ಕ

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಇದೆ ಅಂತ ನೀವು ಕೇಳಿರುತ್ತೀರಿ. ಆ ಯುರೇನಿಯಂ-238 ಒಂದೇ ನೆಗೆತಕ್ಕೆ ಸ್ಥಿರ ಆಗುವುದಿಲ್ಲ. ಥೋರಿಯಂ, ರೇಡಿಯಂ, ರೇಡಾನ್ ಹೀಗೆ ಇಳಿಯುತ್ತಾ ಸೀಸ-206ಕ್ಕೆ ಬಂದು ನಿಲ್ಲುತ್ತದೆ. "ಎಷ್ಟು ಆಲ್ಫಾ, ಎಷ್ಟು ಬೀಟಾ?" ಅನ್ನುವುದು ಪರೀಕ್ಷೆಯ ಖಾಯಂ ಪ್ರಶ್ನೆ.

ಆಲ್ಫಾವನ್ನೇ ಮೊದಲು ಹಿಡಿಯಿರಿ, ಯಾಕೆಂದರೆ ಬೀಟಾದಿಂದ ರಾಶಿ ಸಂಖ್ಯೆ ಬದಲಾಗುವುದಿಲ್ಲ. 238ರಿಂದ 206 ಕಳೆದರೆ 32. ನಾಲ್ಕರಿಂದ ಭಾಗಿಸಿದರೆ 8 ಆಲ್ಫಾ. ಎಂಟು ಆಲ್ಫಾಗೆ 16 ಪ್ರೋಟಾನ್ ಹೋಗಿ 92 ಈಗ 76 ಆಯಿತು. ಆದರೆ ಸೀಸಕ್ಕೆ 82 ಬೇಕು. ಕೊರತೆ 6, ಅಂದರೆ 6 ಬೀಟಾ. ಬೀಟಾದಿಂದ ಶುರು ಮಾಡಿದವರು ಯಾವಾಗಲೂ ದಾರಿ ತಪ್ಪುತ್ತಾರೆ.

ಈಗ ಪುಸ್ತಕ ಮುಚ್ಚಿ ಇವುಗಳನ್ನು ನೀವೇ ಮಾಡಿ

ಫಾಸ್ಫರಸ್-32, ಕ್ಯಾಲ್ಸಿಯಂ-40, ಸೋಡಿಯಂ-22, ಅಯೋಡಿನ್-131, ರೇಡಿಯಂ-226. ಪ್ರತಿಯೊಂದಕ್ಕೂ ಎಣಿಕೆ, ಅನುಪಾತ, ಸಮ-ಬೆಸ, ದಾರಿ, ಈ ನಾಲ್ಕನ್ನೂ ಬರೆಯಿರಿ. ಆಮೇಲೆ ಕೆಳಗೆ ನೋಡಿ.

ಫಾಸ್ಫರಸ್-32: 15 ಮತ್ತು 17, ಎರಡೂ ಬೆಸ. ಸ್ಥಿರವಾದ ಫಾಸ್ಫರಸ್-31ಕ್ಕಿಂತ ಒಂದು ನ್ಯೂಟ್ರಾನ್ ಜಾಸ್ತಿ. ಬೀಟಾ ಮೈನಸ್, ಗಂಧಕ-32 ಆಗುತ್ತದೆ.
ಕ್ಯಾಲ್ಸಿಯಂ-40: 20 ಮತ್ತು 20, ಎರಡೂ ಸಮ, ಎರಡೂ ಮ್ಯಾಜಿಕ್. ಸ್ಥಿರ.
ಸೋಡಿಯಂ-22: 11 ಮತ್ತು 11. ಅನುಪಾತ 1 ಬಂತು ಅಂತ ಸ್ಥಿರ ಎಂದು ಬರೆದಿದ್ದರೆ ಹಂತ 2 ಇನ್ನೊಮ್ಮೆ ಓದಿ. ಎರಡೂ ಬೆಸ, ಸೋಡಿಯಂ-23ಕ್ಕಿಂತ ನ್ಯೂಟ್ರಾನ್ ಕಡಿಮೆ. ಪಾಸಿಟ್ರಾನ್ ಬಿಟ್ಟು ನಿಯಾನ್-22.
ಅಯೋಡಿನ್-131: 53 ಮತ್ತು 78. ಸ್ಥಿರವಾದದ್ದು ಅಯೋಡಿನ್-127 ಒಂದೇ. ನಾಲ್ಕು ನ್ಯೂಟ್ರಾನ್ ಜಾಸ್ತಿ, ಆದ್ದರಿಂದ ಬೀಟಾ ಮೈನಸ್, ಝೆನಾನ್-131.
ರೇಡಿಯಂ-226: 88 ಮತ್ತು 138, ಎರಡೂ ಸಮ. ಆದರೆ ಪ್ರೋಟಾನ್ 82 ದಾಟಿದೆ. ಆಲ್ಫಾ ಬಿಟ್ಟು ರೇಡಾನ್-222.